ಚಳಿಗೆ ಕೂಗದ ಪೆಟ್ಟಿಗೆ

ಖಲೀಲ್ ಅಂಕಲ್,

ಹೇಗಿದ್ದೀರಿ ಎಂದು ಬರೆದು ಹೊಡೆದುಹಾಕಿದೆ. ಹೋದವರನ್ನು ಹಾಗೆ ಕೇಳುವುದುಂಟೇ? ನಾನು ಹೇಗಿದ್ದೇನೆಂದು ಬರೆಯೋಣವೆಂದರೆ ಅದಕ್ಕೂ ಧೈರ್ಯ ಸಾಲದು. ಅದಕ್ಕೇ ಹವಾಮಾನದಿಂದ ಶುರುಮಾಡುತ್ತೇನೆ. ನಮ್ಮ ಈ ಏಪೆಕ್ಸ್ ಊರಿನಲ್ಲಿ ಈಗ ಜೂನ್ ಅರ್ಧ ಕಳೆದಿದೆ. ಕಾರಿನ ಸ್ಟಿಯರಿಂಗ್ ಮುಟ್ಟಿದರೆ ಕೈ ಸುಡುತ್ತದೆ. ಹೀಗಿದ್ದರೂ ನಾಲ್ಕು ತಿಂಗಳಿಂದ ನಿಮ್ಮ ಮಗಳು ನಸೀಮಾಗೆ ನಾನು ಒಂದೇ ಸುಳ್ಳು ಹೇಳುತ್ತಾ ಬಂದಿದ್ದೇನೆ. ಇಲ್ಲಿ ಇನ್ನೂ ಚಳಿ ಹೋಗಿಲ್ಲ, ಅದಕ್ಕೇ ನಿಮ್ಮ ಕೂಗುಪೆಟ್ಟಿಗೆ ಕೂಗುತ್ತಿಲ್ಲ ಎಂದು. ನಿಜ ಏನೆಂದು ಅವಳಿಗೆ ಹೇಳುವ ಮೊದಲು ನಿಮಗೆ ಹೇಳಬೇಕಾಗಿತ್ತು. ನೀವಾದರೋ ಡಿಸೆಂಬರಿನಲ್ಲೇ ಎದ್ದು ಹೋದಿರಿ.

ನಿಮ್ಮನ್ನು ಮೊದಲು ನೋಡಿದ್ದು ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ. ಒಂದು ವಾಷರ್ ನನ್ನ ಬಟ್ಟೆ ಹಿಡಿದುಕೊಂಡು ಬಾಗಿಲು ಬಿಡದೆ ಕೂತಿತ್ತು. ನಾನು ಅದಕ್ಕೆ ಮೈಸೂರಿನ ಕನ್ನಡದಲ್ಲಿ ಬಾಯಿಗೆ ಬಂದಂತೆ ಬಯ್ಯುತ್ತಿದ್ದೆ. ಹಿಂದಿನಿಂದ ಒಂದು ದನಿ, "ಅದಕ್ಕೆ ಕನ್ನಡ ಬರಲ್ಲಮ್ಮ" ಎಂದಿತು. ತಿರುಗಿ ನೋಡಿದರೆ ನೀವು. ಬಿಳಿ ಗಡ್ಡ, ಮಗಳು ಕೊಡಿಸಿದ ದೊಡ್ಡ ಜಾಕೆಟ್ಟು, ಕೈಯಲ್ಲಿ ಟವೆಲ್ ಸುತ್ತಿದ ಏನೋ ಒಂದು ಗಂಟು. ಡ್ರೈಯರಿನ ಬಿಸಿ ಕಡಿಮೆ ಮಾಡುವುದು ಹೇಗೆ ಎಂದು ಕೇಳಿದಿರಿ. ಉಣ್ಣೆ ಬಟ್ಟೆಯಾ ಅಂಕಲ್ ಎಂದದ್ದಕ್ಕೆ ಟವೆಲ್ ಬಿಚ್ಚಿ ತೋರಿಸಿದಿರಿ. ಒಳಗೆ ಕೆಂಪಗಿನ ಮರದ ತುಂಡು! "ಬಟ್ಟೆ ಅಲ್ಲ, ಸೀಡರ್. ಹಸಿ ಇದೆ. ನಿಧಾನವಾಗಿ ಒಣಗಬೇಕು." ಅದನ್ನು ಡ್ರೈಯರಿಗೆ ಹಾಕಿ ಉರುಳಿಸಿದರೆ ಇಡೀ ಬಿಲ್ಡಿಂಗ್ ಓಡಿಬರುತ್ತದೆ ಎಂದು ನಿಮಗೆ ತಿಳಿಸಿಹೇಳಲು ಅರ್ಧ ಗಂಟೆ ಹಿಡಿಯಿತು.

ಆ ಅರ್ಧ ಗಂಟೆಯಲ್ಲೇ ಅಲ್ಲವೇ ನಮ್ಮ ಸ್ನೇಹವಾದದ್ದು? ನೀವು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದಲ್ಲಿ ಬಿಳಿ ಮರದ ಚೂರುಗಳ ಇನ್‌ಲೇ ಚಿತ್ರ ಕೂರಿಸುತ್ತಿದ್ದವರು, ಮೂವತ್ತೈದು ವರ್ಷ. ನಾನು ಎಂ.ಎಸ್ಸಿ. ಮುಗಿಸಿ ಗಂಡನ ಹಿಂದೆ ಬಂದವಳು, ಕೆಲಸ ಮಾಡುವ ಹಾಗಿಲ್ಲದ ವೀಸಾದವಳು. ಹಗಲೆಲ್ಲ ಏನು ಮಾಡ್ತೀಯ ಎಂದು ಕೇಳಿದಿರಿ. ಏನೂ ಇಲ್ಲ, ನಾನು ಡಿಪೆಂಡೆಂಟ್ ಎಂದೆ. ನಿಮಗೆ ಆ ಪದ ಬಹಳ ಹಿಡಿಸಿಬಿಟ್ಟಿತು. "ಹಾಗಾದ್ರೆ ನಾವಿಬ್ರೂ ಡಿಪೆಂಡೆಂಟು. ನಿನಗೆ ಗಂಡ, ನನಗೆ ಮಗಳು" ಎಂದು ನಕ್ಕಿರಿ. ಮನೆಯಲ್ಲಿ ಉರ್ದು ಆಡುತ್ತಿದ್ದ ನೀವು ನನ್ನ ಹತ್ತಿರ ಮಾತ್ರ ಕನ್ನಡಕ್ಕೆ ತಿರುಗುತ್ತಿದ್ದಿರಿ. ಊರಿನಿಂದ ನನಗೆ ಬರುತ್ತಿದ್ದ ಪಾರ್ಸೆಲ್‌ಗೆ ಸುತ್ತಿರುತ್ತಿದ್ದ ಹಳೇ ಪೇಪರನ್ನು ಇಸ್ತ್ರಿ ಮಾಡಿಸಿಕೊಂಡು ಓದುತ್ತಿದ್ದವರು ನೀವು. ಅದಕ್ಕೇ ಈ ಕಾಗದ ಕನ್ನಡದಲ್ಲಿದೆ.

ಕ್ಲೈಡ್ ನಿಮಗೆ ಗಂಟುಬಿದ್ದ ಕಥೆಯನ್ನು ನೀವು ಎಷ್ಟು ಸಲ ಹೇಳಿದ್ದೀರೋ ಲೆಕ್ಕವಿಲ್ಲ. ರಸ್ತೆಯಾಚೆ ಹಳೇ ತೋಟದ ಮನೆಯಲ್ಲಿ ಒಬ್ಬನೇ ಇದ್ದ ಮುದುಕ, ನಿಮಗಿಂತ ಎರಡು ವರ್ಷ ದೊಡ್ಡವನು. ವಸಂತ ಬಂತೆಂದರೆ ಕಾಡುಟರ್ಕಿ ಕೋಳಿಯ ಬೇಟೆಗೆ ಹೊರಡುವವನು. ನೀವು ಮರದ ಕೆಲಸದವರೆಂದು ತಿಳಿದು, ಬಿರುಕು ಬಿಟ್ಟಿದ್ದ ತನ್ನ ಅಪ್ಪನ ಪೆಟ್ಟಿಗೆಯೊಂದನ್ನು ರಿಪೇರಿಗೆ ತಂದಿದ್ದ. ಅಂಗೈಗಿಂತ ಸ್ವಲ್ಪ ಉದ್ದದ, ತೆಳ್ಳನೆ ಗೋಡೆಯ ಮರದ ಡಬ್ಬಿ. ಮೇಲೊಂದು ಮುಚ್ಚಳ, ಅದಕ್ಕೆ ಒಂದು ತುದಿಯಲ್ಲಿ ಮಾತ್ರ ಸ್ಕ್ರೂ. ಮುಚ್ಚಳದ ಅಡಿಗೆ ಸೀಮೆಸುಣ್ಣ ತಿಕ್ಕಿ ಡಬ್ಬಿಯ ಅಂಚಿನ ಮೇಲೆ ಎಳೆದರೆ ಟರ್ಕಿಯ ಹೇಟೆ ಕೂಗಿದ ಹಾಗೇ ಸದ್ದು. ಹೇಟೆ ಕರೆಯಿತೆಂದು ಹುಂಜ ಬರುತ್ತದೆ. ಬಂದರೆ ಅಲ್ಲಿ ಕ್ಲೈಡ್ ಕೂತಿರುತ್ತಾನೆ. ನೀವು ಬಿರುಕು ಮುಚ್ಚಿ, ಒಳಗೂ ಹೊರಗೂ ಪಾಲಿಷ್ ಹೊಡೆದು, ಮುಖ ಕಾಣುವ ಹಾಗೆ ಹೊಳೆಸಿ ಕೊಟ್ಟಿರಿ. ಕ್ಲೈಡ್ ಎಳೆದ. ಸದ್ದೇ ಇಲ್ಲ. ಜಾರುವ ಮರಕ್ಕೆ ಎಲ್ಲಿಂದ ದನಿ? "ಪಾಲಿಷ್ ಹೊಡೆದ್ರೆ ಮೂಗಾಗೋ ಸಾಮಾನು ನಾನು ಇದೇ ಮೊದ್ಲು ನೋಡಿದ್ದು ಮಗಳೇ" ಎಂದು ಹೇಳಿಕೊಂಡು ನಿಮ್ಮನ್ನು ನೀವೇ ಗೇಲಿ ಮಾಡಿಕೊಳ್ಳುತ್ತಿದ್ದಿರಿ. ನಾಲ್ಕು ದಿನ ಮರಳುಕಾಗದ ತಿಕ್ಕಿ ಪಾಲಿಷೆಲ್ಲ ತೆಗೆದ ಮೇಲೆ ಅದು ಮತ್ತೆ ಬಾಯಿ ಬಿಟ್ಟಿತಂತೆ.

ಲಾಂಡ್ರಿ ರೂಮಿನಲ್ಲಿ ನೋಡಿದ ಆ ಕೆಂಪು ತುಂಡು ನಿಮ್ಮದೇ ಪೆಟ್ಟಿಗೆಯಾಯಿತು. ಕ್ಲೈಡ್ ಹಿತ್ತಲಲ್ಲಿ ಬಿದ್ದ ಸೀಡರ್ ಮರದ ಡಬ್ಬಿ. ಮುಚ್ಚಳಕ್ಕೆ, ಮೈಸೂರಿನಿಂದ ಉಳಿಗಳ ಜೊತೆ ಸುತ್ತಿಕೊಂಡು ಬಂದಿದ್ದ ಒಂದೇ ಒಂದು ಬೀಟೆ ಹಲಗೆ. ಆ ಮುಚ್ಚಳದ ನೆತ್ತಿಯಲ್ಲಿ ಬಿಳಿ ಮರದ ಒಂದು ಹೇಟೆಯನ್ನು ಕೂರಿಸಿದಿರಿ, ಹೆಬ್ಬೆರಳಿನ ಉಗುರಿನಷ್ಟು. ಕಣ್ಣಿಗೆ ಒಂದು ಚುಕ್ಕೆ ಕೊರೆಯಲು ಇಡೀ ಮಧ್ಯಾಹ್ನ ತೆಗೆದುಕೊಂಡಿರಿ. ನಾನು ಪಕ್ಕದಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದೆ. ಇದಕ್ಕೆ ಕನ್ನಡದಲ್ಲಿ ಏನನ್ನೋಣ ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ನೀವೇ "ಕೂಗುಪೆಟ್ಟಿಗೆ" ಎಂದಿರಿ. ಪೆಟ್ಟಿಗೆ ತೆರೆದರೆ ಪೆನ್ಸಿಲ್ ಕೆತ್ತಿದ ವಾಸನೆ ಬರುತ್ತಿತ್ತು.

ಹೋದ ವರ್ಷ ಏಪ್ರಿಲ್‌ನ ಆ ಬೆಳಗ್ಗೆ ನೆನಪಿದೆಯೇ? ಡಾಗ್‌ವುಡ್ ಮರ ಬೆಳ್ಳಗೆ ಹೂ ಬಿಟ್ಟಾಗಿತ್ತು. ಚಳಿ ಮುಗಿಯಿತೆಂದು ನಾನು ಸ್ವೆಟರ್‌ಗಳನ್ನು ಎತ್ತಿಟ್ಟಿದ್ದೆ. ಆ ಹೂವಿನ ಬೆನ್ನಿಗೇ ಚಳಿ ಒಂದು ವಾರ ತಿರುಗಿ ಬರುತ್ತದೆಂದು ಕ್ಲೈಡ್ ಹೇಳಿದ್ದನ್ನು ನಾನು ನಂಬಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಕೆರೆ ಕಡೆಯ ಕಾಡಿನಲ್ಲಿ ನಾವು ಮೂವರೂ ಪೈನ್ ಮರಕ್ಕೆ ಒರಗಿ ಕೂತಿದ್ದೆವು. ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಮಂಜು. ನನ್ನ ಕೈಬೆರಳುಗಳು ನನ್ನವೆಂದೇ ಅನಿಸುತ್ತಿರಲಿಲ್ಲ. ಆತುರಕ್ಕೆ ನಾನು ಪೆಟ್ಟಿಗೆ ತೆಗೆದುಕೊಂಡು ಎಳೆದೆ. ಕಿರ್ರೆಂದು ಒಂದು ಕೆಟ್ಟ ಸದ್ದು ಬಂತು, ತುಕ್ಕು ಹಿಡಿದ ಗೇಟಿನದು. ಕ್ಲೈಡ್ ನನ್ನತ್ತ ನೋಡಿದ ನೋಟ ಇನ್ನೂ ಮರೆತಿಲ್ಲ.

ಅವತ್ತು ಪಿಸುಗುಟ್ಟುತ್ತಲೇ ಪಾಠ ಮಾಡಿದಿರಿ. "ಮರಕ್ಕೆ ಚಳಿ ಅಂದ್ರೆ ಆಗಲ್ಲ ಮಗಳೇ. ಒಣ ಚಳೀಲಿ ಕುಗ್ಗತ್ತೆ, ದನಿ ಕೀಚಲಾಗತ್ತೆ, ಸ್ಕ್ರೂ ಸಡಿಲ ಆಗತ್ತೆ. ಒದ್ದೆ ಚಳೀಲಿ ಸುಣ್ಣ ಮುದ್ದೆ ಆಗಿ ದನೀನೇ ಹೋಗತ್ತೆ." ಬ್ರೆಡ್ಡಿನ ಖಾಲಿ ಕವರಿನಲ್ಲಿ ಸುತ್ತಿ ಜಾಕೆಟ್ಟಿನ ಒಳಗೆ ಇಟ್ಟುಕೊಳ್ಳಬೇಕು, ಬೆವರು ತಾಗಬಾರದು. ಮನೆಯ ಬಿಸಿಯಿಂದ ಹೊರಗೆ ತಂದ ತಕ್ಷಣ ಎಳೆಯಬಾರದು. ಹೊರಗಿನಿಂದ ಒಳಗೆ ತಂದ ತಕ್ಷಣ ತೆರೆಯಲೂಬಾರದು. ಕನ್ನಡಕಕ್ಕೆ ಹಬೆ ಹಿಡಿಯುವ ಹಾಗೆ ಅದಕ್ಕೂ ಹಿಡಿಯುತ್ತದೆ. "ಹೊಸ್ದಾಗಿ ಊರಿಂದ ಬಂದವರ ಥರ ಅದು. ಒಂದು ಕಾಲು ಗಂಟೆ ಸುಮ್ನೆ ಕೂರ್ಸು, ತಾನೇ ಮಾತಾಡತ್ತೆ" ಎಂದಿರಿ. ಕಾಲು ಗಂಟೆ ಕಾದು, ಒಣ ಸುಣ್ಣ ತಿಕ್ಕಿ ನೀವು ಎಳೆದಿರಿ. ಅಯ್ಯೋ, ಆ ದನಿ! ಒರಟು, ಒಡಕು, ಕೊನೆಯಲ್ಲಿ ಸ್ವಲ್ಪ ಬೇಸರ. ಮಧ್ಯಾಹ್ನ ಯಾರೂ ಇಲ್ಲದ ಮನೆಯಿಂದ ಒಬ್ಬ ಹೆಂಗಸು ಯಾರನ್ನೋ ಕರೆದ ಹಾಗೆ ನನಗೆ ಕೇಳಿಸಿತು. ದೂರದಿಂದ ಹುಂಜ ಉತ್ತರ ಕೊಟ್ಟಿತು.

ಅದು ಬಂತು. ಬಾಲ ಬೀಸಣಿಗೆ ಮಾಡಿಕೊಂಡು, ಮದುವೆ ಗಂಡಿನ ಗತ್ತಿನಲ್ಲಿ ಬಂತು. ಕ್ಲೈಡ್ ಬಂದೂಕು ಎತ್ತಿದ. ನನಗೆ ಸೀನು ಬಂತು. ಬೇಕೆಂದೇ ಸೀನಿದೆ ಎಂದು ಕ್ಲೈಡ್ ಇವತ್ತಿಗೂ ನಂಬಿದ್ದಾನೆ. ನಿಮಗೆ ಮಾತ್ರ ಹೇಳುತ್ತೇನೆ, ಅರ್ಧ ಬೇಕೆಂದೇ. ಹುಂಜ ಹಾರಿಹೋಯಿತು. ನೀವು ಹೊಟ್ಟೆ ಹಿಡಿದುಕೊಂಡು ನಕ್ಕು, "ಸೊಪ್ಪು ತಿನ್ನೋಳನ್ನ ಬೇಟೆಗೆ ಕರ್ಕೊಂಡು ಬಂದ ತಪ್ಪು ನಂದೇ ಬಿಡು" ಎಂದಿರಿ. ವಾಪಸು ಬರುವಾಗ ನಾನು ಕೇಳಿದೆ, ಇಲ್ಲದ ಹೇಟೆಯ ದನಿ ಮಾಡಿ ಕರೆಯುವುದು ಮೋಸವಲ್ಲವೇ ಅಂಕಲ್ ಎಂದು. ನೀವು ಯೋಚಿಸಿಯೇ ಉತ್ತರ ಕೊಟ್ಟಿರಿ. "ಮೋಸಾನೇ. ಅದಕ್ಕೇ ಚೆನ್ನಾಗಿ ಮಾಡಬೇಕು. ಕೆಟ್ಟದಾಗಿ ಮಾಡಿದ್ರೆ ಮೋಸದ ಜೊತೆ ಅವಮಾನ ಬೇರೆ." ಆಗ ನಕ್ಕಿದ್ದೆ.

ನಸೀಮಾಳನ್ನು ನೀವು ಕರೆಯುತ್ತಿದ್ದ ಶುಕ್ರವಾರದ ಸಂಜೆಗಳು ಕಣ್ಣಿಗೆ ಕಟ್ಟಿದ ಹಾಗಿವೆ. ಅವಳು ಆಫೀಸಿನಿಂದ ಬಂದು ಬ್ಯಾಗ್ ಇಡುವಷ್ಟರಲ್ಲಿ ನೀವು ಶುರು. ನಾಳೆ ಬೆಳಗ್ಗೆ ಬಾ ಬೇಟಿ, ಒಂದೇ ಒಂದು ಸಲ ಕೇಳು. ಅವಳು, "ಈ ವಾರ ಆಗಲ್ಲ ಅಬ್ಬಾ, ರಿಲೀಸ್ ಇದೆ, ಪ್ರಾಮಿಸ್, ನೆಕ್ಸ್ಟ್ ವೀಕ್" ಎನ್ನುತ್ತಿದ್ದಳು. ಇಲ್ಲೇ ಎಳೆದು ತೋರಿಸಿ ಎಂದು ನಾನೆಂದರೆ ನೀವು ಒಪ್ಪುತ್ತಿರಲಿಲ್ಲ. ಕಾರ್ಪೆಟ್ ಮೇಲೆ ಕೂಗುವ ಸಾಮಾನಲ್ಲ ಇದು, ಕಾಡಿನಲ್ಲೇ ಕೇಳಬೇಕು ಎಂಬುದು ನಿಮ್ಮ ಹಟ. ಅವಳು ಒಂದು ಸಲವೂ ಬರಲಿಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ. ಬೇಸಿಗೆ ಕಳೆಯಿತು, ಎಲೆ ಉದುರಿತು, ನಿಮ್ಮ ಎದೆನೋವು ಶುರುವಾಯಿತು.

ನವೆಂಬರಿನಲ್ಲಿ ನೀವೇ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದಿರಿ. ಮೂರು ಸಲ ನಿಂತು ಉಸಿರು ತೆಗೆದುಕೊಂಡಿರಿ. "ನಮ್ಮನೇಲಿ ಹೀಟರ್ ಜಾಸ್ತಿ, ಮರ ಒಣಗೋಗತ್ತೆ. ನಿನ್ನ ಹತ್ರ ಇರ್ಲಿ. ಏಪ್ರಿಲ್‌ಗೆ ಕೊಡು. ಈ ಸಲ ನಸೀಮಾನ ಕರ್ಕೊಂಡೇ ಹೋಗೋಣ" ಎಂದು ಪೆಟ್ಟಿಗೆ ನನ್ನ ಕೈಗಿಟ್ಟಿರಿ. ನಾನು ಅದನ್ನು ದೇವರ ಗೂಡಿನಲ್ಲಿಟ್ಟೆ. ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿರಲಿಲ್ಲ. ಗೂಡಿನ ಅಡಿಗೇ ಹೀಟರಿನ ಗಾಳಿ ಬರುವ ಕಂಡಿ ಇತ್ತು. ಅದು ನನ್ನ ತಲೆಗೆ ಹೊಳೆಯಲೇ ಇಲ್ಲ ಅಂಕಲ್.

ನೀವು ಹೋಗಿ ಒಂದು ತಿಂಗಳಾಗಿತ್ತು. ದೀಪ ಹಚ್ಚುವಾಗ ನೋಡುತ್ತೇನೆ, ಮುಚ್ಚಳದಲ್ಲಿ ಕೂದಲೆಳೆಯಷ್ಟು ಬಿರುಕು, ಹೇಟೆಯ ಕಾಲಿನ ಹತ್ತಿರ. ಒಣಗಿ ಸೀಳುತ್ತಿದೆ! ಆ ಚಳಿಗಾಲದಲ್ಲಿ ನನ್ನದೆಲ್ಲವೂ ಸೀಳುತ್ತಿತ್ತು. ತುಟಿ, ಹಿಮ್ಮಡಿ, ಕೈಬೆರಳ ಸಂದು. ಎಲ್ಲದಕ್ಕೂ ನನಗೆ ಗೊತ್ತಿದ್ದ ಮದ್ದು ಒಂದೇ. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿ ಕೂತಿತ್ತು. ಬಿಸಿನೀರಿನಲ್ಲಿಟ್ಟು ಕರಗಿಸಿದೆ. ಬೆರಳಲ್ಲಿ ಅದ್ದಿ, ಕೂಸಿನ ನೆತ್ತಿಗೆ ಹಚ್ಚುವ ಹಾಗೆ ಮೆತ್ತಗೆ ತಿಕ್ಕಿದೆ. ಮುಚ್ಚಳಕ್ಕೆ, ಗೋಡೆಗೆ, ಅಂಚಿಗೆ, ಒಳಗೆ. ಮೂರು ದಿನ ಹಚ್ಚಿದೆ. ಮರ ಕುಡಿದೇ ಕುಡಿಯಿತು. ಬೀಟೆ ಕಪ್ಪಗೆ ಹೊಳೆಯಿತು, ಬಿಳಿ ಹೇಟೆಗೆ ಜೀವ ಬಂದ ಹಾಗಾಯಿತು. ನಿಮ್ಮ ಪಾಲಿಷಿನ ಕಥೆ ನೆನಪಿರಲಿಲ್ಲವೇ ಎಂದು ಕೇಳುತ್ತೀರಿ. ನೆನಪಿತ್ತು. ಪಾಲಿಷ್ ಬೇರೆ, ಎಣ್ಣೆ ಬೇರೆ ಎಂದುಕೊಂಡೆ. ಪಾಲಿಷ್ ಅಲಂಕಾರ, ಎಣ್ಣೆ ಔಷಧಿ ಎಂದುಕೊಂಡೆ. ನನ್ನಂಥ ಮೂರ್ಖಳು ಇನ್ನೊಬ್ಬಳಿದ್ದಾಳೆಯೇ?

ಫೆಬ್ರವರಿಯಲ್ಲಿ ನಸೀಮಾ ಬಂದಳು. ಗಂಡನಿಗೆ ಅಟ್ಲಾಂಟಾ ಕಡೆ ಕೆಲಸವಾಗಿ ಅವರು ಸುವಾನಿಗೆ ಹೊರಟಿದ್ದರು. ಸಾಮಾನೆಲ್ಲ ಟ್ರಕ್ಕಿಗೆ ಏರಿಸಿಯಾಗಿತ್ತು. ಅವಳು ಸೋಫಾದ ತುದಿಯಲ್ಲಿ ಕೂತು, "ಸುಮಾ, ಅಬ್ಬಾನ ಬಾಕ್ಸ್ ಒಂದ್ಸಲ ಕೇಳಿಸ್ತೀಯಾ? ನಾನು ಒಂದ್ಸಲಾನೂ ಕೇಳಿಲ್ಲ ಕಣೇ" ಎಂದಳು. ನಾವು ಬಾಲ್ಕನಿಗೆ ಹೋದೆವು. ಹೊರಗೆ ಮೂಳೆ ಕೊರೆಯುವ ಚಳಿ. ಸುಣ್ಣ ತಿಕ್ಕಿದೆ, ಅದು ಕೆಸರಿನ ಹಾಗೆ ಅಂಟಿತು. ಎಳೆದೆ. ಸುಯ್ ಎಂದು ಜಾರಿತು. ಮತ್ತೆ ಎಳೆದೆ. ಚಪ್ಪಲಿ ಎಳೆದಷ್ಟೂ ಸದ್ದಿಲ್ಲ. ಆ ಕ್ಷಣದಲ್ಲೇ ನನಗೆ ಎಲ್ಲವೂ ಅರ್ಥವಾಯಿತು. ಬಾಯಿಂದ ಬಂದದ್ದು ಮಾತ್ರ ಬೇರೆ. "ಚಳಿ ನಸೀಮಾ. ಮರಕ್ಕೆ ಚಳಿ ಅಂದ್ರೆ ಆಗಲ್ಲ ಅಂತ ಅಂಕಲ್ಲೇ ಹೇಳ್ತಿದ್ರು. ಬೆಚ್ಚಗಾಗ್ಲಿ, ತಾನೇ ಮಾತಾಡತ್ತೆ." ನಿಮ್ಮದೇ ಮಾತನ್ನು ನಿಮ್ಮ ಮಗಳ ಮೇಲೆ ತಿರುಗಿಸಿದೆ. ಅವಳು ಪೆಟ್ಟಿಗೆ ಇಸಿದುಕೊಂಡು ಮೂಗಿನ ಹತ್ತಿರ ಹಿಡಿದಳು, ಬಹಳ ಹೊತ್ತು. ಅಪ್ಪನ ವಾಸನೆ ಹುಡುಕುತ್ತಿದ್ದಾಳೆ ಎಂದುಕೊಂಡೆ. "ನಿನ್ನ ಹತ್ರಾನೇ ಇರ್ಲಿ. ಬೆಚ್ಚಗಾದ್ಮೇಲೆ ಫೋನಲ್ಲಿ ಕೇಳಿಸು" ಎಂದು ಹಿಂದಕ್ಕೆ ಕೊಟ್ಟಳು.

ಮಾರ್ಚಿನಲ್ಲಿ ಪೆಟ್ಟಿಗೆ ಎದೆಗವಚಿಕೊಂಡು ಕ್ಲೈಡ್ ಮನೆಗೆ ಹೋದೆ. ಅವನು ಮರಳುಕಾಗದ ಹಿಡಿದು ಕೂತ. ಒಂದು ಪದರ ತೆಗೆದರೆ ಅದರ ಕೆಳಗೆ ಎಣ್ಣೆ. ಇನ್ನೊಂದು ಪದರ, ಅಲ್ಲೂ ಎಣ್ಣೆ. ಅಂದು ನಿಮ್ಮ ಪಾಲಿಷ್ ಮರದ ಮೇಲಷ್ಟೇ ನಿಂತಿತ್ತಂತೆ, ನನ್ನ ಎಣ್ಣೆ ಆಳಕ್ಕೆ ಇಳಿದಿದೆಯಂತೆ. ಇನ್ನೂ ತಿಕ್ಕಿದರೆ ಗೋಡೆ ತೂತಾಗುತ್ತದೆ ಎಂದು ಕೈಬಿಟ್ಟ. ಬೇರೆ ಮುಚ್ಚಳ ಮಾಡಬಹುದು, ಬೇರೆ ಡಬ್ಬಿ ಮಾಡಬಹುದು. ಆದರೆ ಅದು ಬೇರೆ ಪೆಟ್ಟಿಗೆಯಲ್ಲವೇ? ನಿಮ್ಮ ಕೈಯದಲ್ಲವಲ್ಲ. ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಶೀ ಈಸ್ ಗಾನ್, ಹನಿ" ಎಂದ. ನಿಮ್ಮ ಅಂತ್ಯಕ್ರಿಯೆಯಲ್ಲಿ ತಡೆದುಕೊಂಡಿದ್ದ ನಾನು ಅವನ ವರಾಂಡದಲ್ಲಿ ಕೂತು ಗೋಳೋ ಎಂದು ಅತ್ತೆ. ಕೆರೆ ಕಡೆಯ ಆ ಪೈನ್ ಕಾಡನ್ನೂ ಕಡಿಯುತ್ತಿದ್ದಾರೆ. ಮನೆಗಳು ಬರುತ್ತವಂತೆ, ಬೋರ್ಡು ನೆಟ್ಟಿದ್ದಾರೆ. ಈ ವಸಂತದಲ್ಲಿ ಕ್ಲೈಡ್ ಬೇಟೆಗೆ ಹೋಗಲಿಲ್ಲ.

ಮೊದಲ ಫೋನು ಏಪ್ರಿಲ್‌ನ ಒಂದು ಭಾನುವಾರ ಬಂತು. "ಬೆಚ್ಚಗಾಯ್ತಾ ಸುಮಾ?" ಡಾಗ್‌ವುಡ್ ಚಳಿ ಇದೆ ಎಂದೆ. ಅದು ಆಗ ನಿಜವೇ ಆಗಿತ್ತು. ಮುಂದಿನ ವಾರ ಬೆಳಗ್ಗೆ ಮಂಜು ಬೀಳುತ್ತಿದೆ ಎಂದೆ. ಮೇ ತಿಂಗಳಲ್ಲಿ, ಬಿಸಿಲಿದ್ದರೂ ಮರಕ್ಕೆ ಒಳಗಿನ ಚಳಿ ಬಿಟ್ಟಿಲ್ಲ ಎಂದೆ. ಅವಳು ಪ್ರತಿ ಸಲವೂ "ಹೌದಾ, ಸರಿ, ಅರ್ಜೆಂಟ್ ಏನಿಲ್ಲ" ಎನ್ನುತ್ತಿದ್ದಳು. ನಾನು ಫೋನಿಟ್ಟು ಏಸಿ ಹಾಕಿಕೊಂಡು ಕೂರುತ್ತಿದ್ದೆ. ಇಷ್ಟು ಕೆಟ್ಟದಾಗಿ ಮೋಸ ಮಾಡುವವಳನ್ನು ನೀವು ನೋಡಿದ್ದರೆ ಪಾಠ ಹೇಳಿಕೊಟ್ಟದ್ದಕ್ಕೇ ನಾಚುತ್ತಿದ್ದಿರಿ.

ನಿನ್ನೆ ಭಾನುವಾರ ಗಟ್ಟಿ ಮನಸ್ಸು ಮಾಡಿದೆ. ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ನಾನೇ ಫೋನ್ ಮಾಡಿದೆ. ಅತ್ತ ಕಡೆ ಫ್ಯಾನು ಗರಗರ ತಿರುಗುವುದು ಕೇಳಿಸುತ್ತಿತ್ತು. ಅವರ ಏಸಿ ಕೆಟ್ಟು ಎರಡು ದಿನವಾಯಿತಂತೆ.

"ನಸೀಮಾ, ನಿನಗೊಂದು ವಿಷಯ ಹೇಳ್ಬೇಕು. ಆ ಪೆಟ್ಟಿಗೆ..."

"ಸುಮಾ, ಬೇಡ."

"ಇಲ್ಲ ಕಣೇ, ಕೇಳು. ನಾನು ಅದಕ್ಕೆ..."

"ನಾನು ಮರದ ಕೆಲಸದವರ ಮಗಳು ಕಣೇ. ಅವತ್ತು ಬಾಲ್ಕನೀಲೇ ಗೊತ್ತಾಯ್ತು. ಅದ್ರಲ್ಲಿ ನಿನ್ನ ತಲೆ ವಾಸನೆ ಬರ್ತಿತ್ತು. ಎಣ್ಣೆ." ಎಂದು ಅವಳೇ ಮುಂದುವರಿಸಿದಳು. "ಅಬ್ಬಾ ಅಷ್ಟು ಸಲ ಕರೆದ್ರು. ನಾನು ನೆಕ್ಸ್ಟ್ ವೀಕ್, ನೆಕ್ಸ್ಟ್ ವೀಕ್ ಅಂದೆ. ಈಗ ನೀನು ಅದು ಇನ್ನು ಕೂಗೋದೇ ಇಲ್ಲ ಅಂತ ಹೇಳ್ಬಿಟ್ರೆ ಮುಗೀತಲ್ಲ ಸುಮಾ. ಹೇಳ್ಬೇಡ."

ನಾನು ಪೆಟ್ಟಿಗೆಯನ್ನು ಮಡಿಲಿನಿಂದ ಪಕ್ಕಕ್ಕಿಟ್ಟೆ. ಅವಳೇ, ಏನೂ ಆಗಿಲ್ಲದವಳ ಹಾಗೆ ಕೇಳಿದಳು, "ಅಲ್ಲಿ ಇನ್ನೂ ಚಳಿ ಅಲ್ವಾ?"

"ಹ್ಞೂಂ" ಎಂದೆ. ಬೆವರು ಕತ್ತಿನಿಂದ ಇಳಿಯುತ್ತಿತ್ತು.

"ಇಲ್ಲೂ ಚಳಿ ಕಣೇ" ಎಂದಳು ನಿಮ್ಮ ಮಗಳು. "ತುಂಬಾ ಚಳಿ."

ಏಪ್ರಿಲ್‌ಗೆ ಕೊಡು ಎಂದಿದ್ದಿರಿ, ಕೊಡಲಿಲ್ಲ. ಇನ್ನು ಕೊಡುವುದೂ ಇಲ್ಲ. ಪೆಟ್ಟಿಗೆಯನ್ನು ಗೂಡಿನಿಂದ ತೆಗೆದು ಬಟ್ಟೆಗಳ ನಡುವೆ ಇಟ್ಟಿದ್ದೇನೆ. ಈಗ ಅದಕ್ಕೆ ಪೆನ್ಸಿಲ್ಲಿನ ವಾಸನೆಯಿಲ್ಲ. ಮುಂದಿನ ಭಾನುವಾರ ನಸೀಮಾ ಫೋನ್ ಮಾಡುತ್ತಾಳೆ. ಬೆಚ್ಚಗಾಯ್ತಾ ಎಂದು ಕೇಳುತ್ತಾಳೆ. ಇನ್ನೂ ಇಲ್ಲ ಎನ್ನುತ್ತೇನೆ. ಅವಳು ಕೇಳುವಷ್ಟು ದಿನವೂ ಹಾಗೇ ಹೇಳುತ್ತೇನೆ. ನಿಮಗೆ ಕೊಡಲು ನನ್ನ ಹತ್ತಿರ ಉಳಿದಿರುವ ಮಾತು ಅದೊಂದೇ ಅಂಕಲ್.

ನಿಮ್ಮ ಜೊತೆಯ ಡಿಪೆಂಡೆಂಟು,
ಸುಮಾ